ಹೆಗಲ ಗಂಟಿನಿಂದ ಅಂಗೈಗೆ ಬಂದ ಕನ್ನಡ ಪುಸ್ತಕ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ, ಫೋನ್ ಕರೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ. ಡೊಂಬಿವಲಿಯ ಗೃಹಿಣಿಯೊಬ್ಬರು ಕೇಳುತ್ತಾರೆ, ಕಲ್ಯಾಣ್‌ನ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಕೇಳುತ್ತಾರೆ, ವಾಶಿಯ ಹೊಟೇಲಿನ ಗಲ್ಲೆಯಲ್ಲಿ ಕುಳಿತವರೂ ಕೇಳುತ್ತಾರೆ: "ಇಲ್ಲಿ ಓದಲಿಕ್ಕೆ ಕನ್ನಡ ಪುಸ್ತಕ ಎಲ್ಲಿ ಸಿಗ್ತದೆ ಮಾರಾಯ್ರೆ?" ಊರಿಗೆ ಹೋದಾಗ ತಂದ ನಾಲ್ಕು ಪುಸ್ತಕ ಗಣೇಶ ಚೌತಿಯೊಳಗೆ ಮುಗಿದಿರುತ್ತದೆ. ಮುಂದಿನ ರಜೆಗೆ ಇನ್ನೂ ಎಂಟು ತಿಂಗಳು. ಮಾಟುಂಗಾಕ್ಕೆ ಹೋಗಿ ಬರಲು ಅರ್ಧ ದಿನ ಬೇಕು.

ಉತ್ತರ ಚಿಕ್ಕದು. ಪುಸ್ತಕಗಳು ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೇ ಇವೆ. ಕೆಲವಕ್ಕೆ ದುಡ್ಡು ಕೊಡಬೇಕಾಗಿಲ್ಲ, ಇನ್ನು ಕೆಲವಕ್ಕೆ ಕೊಡಬೇಕು, ಕೊಡಲೇಬೇಕು. ಯಾವುದು ಉಚಿತ, ಯಾವುದಕ್ಕೆ ಬೆಲೆ, ಏಕೆ ಹೀಗೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬನ್ನಿ, ಹೋಗಿ ಬರೋಣ.

ಗಳಗನಾಥರ ಗಂಟು

ಹಾವೇರಿ ಸೀಮೆಯ ಗಳಗನಾಥ ಎಂಬ ಹಳ್ಳಿಯಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಶಾಲಾ ಮಾಸ್ತರರು. ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು 'ಗಳಗನಾಥ'ರಾದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ತಾವೂ ಬರೆದರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಎಲ್ಲವೂ ಮುಂಬಯಿ ಇಲಾಖೆಯಲ್ಲಿದ್ದವು. ಕನ್ನಡ ಪುಸ್ತಕಕ್ಕೆ ಅಂಗಡಿಯೂ ಕಡಿಮೆ, ಓದುಗರೂ ಕಡಿಮೆ. ಗಳಗನಾಥರು ಕಾಯುತ್ತ ಕೂರಲಿಲ್ಲ. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1942ರಲ್ಲಿ ತೀರಿಕೊಂಡ ಈ ಹಿರಿಯರನ್ನು ಉತ್ತರ ಕರ್ನಾಟಕದ ಮಂದಿ ಇಂದಿಗೂ ನೆನೆಯುವುದು ಆ ಗಂಟಿನ ಜೊತೆಗೇ.

ಮುಂದೆ 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿದರು. ಓದುಗರು ಚಂದಾದಾರರಾದರೆ ಪುಸ್ತಕಗಳು ಅಂಚೆಯಲ್ಲಿ ಮನೆಗೇ ಬರುವ ವ್ಯವಸ್ಥೆ ಅದು. ಮುಂಗಡ ಹಣದಿಂದ ಪುಸ್ತಕ ಅಚ್ಚಾಗುತ್ತಿತ್ತು, ಅಚ್ಚಾದದ್ದಕ್ಕೆ ಓದುಗ ಮೊದಲೇ ಗೊತ್ತಿರುತ್ತಿದ್ದ. ಗಂಟು ಈಗ ಲೇಖಕನ ಹೆಗಲಿನಿಂದ ಅಂಚೆಯಣ್ಣನ ಹೆಗಲಿಗೆ ಹೋಯಿತು ಎನ್ನಿ.

ಮುಂಬಯಿಯಲ್ಲಿ ನಮ್ಮ ಹಿರಿಯರ ಕತೆ ಬೇರೆ. ಹಗಲೆಲ್ಲ ಫೋರ್ಟಿನ ಹೊಟೇಲುಗಳಲ್ಲಿ ಗ್ಲಾಸು ತೊಳೆದ ಹುಡುಗರು ರಾತ್ರಿ ಶಾಲೆಗಳಲ್ಲಿ ಕನ್ನಡ ಓದಿದರು. ಅವರಿಗೆ ಪಾಠ ಹೇಳಿದ ಮಾಸ್ತರರಲ್ಲಿ ಅನೇಕರು ಹಗಲು ಬೇರೆಡೆ ದುಡಿಯುವವರೇ. 1926ರಲ್ಲಿ ಸ್ಥಾಪನೆಯಾದ ಮಾಟುಂಗಾದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ಜಾತಿ ಸಂಘಗಳು, ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇವೆಲ್ಲ ನಗರದ ಒಡಲಲ್ಲಿ ಬೆಳೆದವು. ಆದರೆ ನಾವು ಚಾಳು ಬಿಟ್ಟು, ಕೈಗೆಟಕುವ ಬಾಡಿಗೆ ಹುಡುಕುತ್ತ ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗೆ ಬಂದೆವು. ಪುಸ್ತಕದ ಕಪಾಟುಗಳು ಅಲ್ಲೇ ಉಳಿದವು.

ನೆರೆಮನೆಯ ಕಪಾಟು

ನಾವು ಬಂದು ನೆಲೆಸಿದ ಊರುಗಳೇನೂ ಓದಿಲ್ಲದ ಊರುಗಳಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ನಿಂತದ್ದು ಠಾಣೆಯಲ್ಲಿ. ಮರುವರ್ಷವೇ ಹಳಿ ಕಲ್ಯಾಣ್ ಮುಟ್ಟಿತು. ರೈಲು ಬಂದ ಹತ್ತು ವರ್ಷಕ್ಕೆ, ಅಂದರೆ 1864ರಲ್ಲಿ, ಕಲ್ಯಾಣ್‌ನಲ್ಲಿ ಸಾರ್ವಜನಿಕ ವಾಚನಾಲಯ ತೆರೆಯಿತು. 1893ರಲ್ಲಿ ಠಾಣೆಯಲ್ಲಿ ಮರಾಠಿ ಗ್ರಂಥ ಸಂಗ್ರಹಾಲಯ ಆರಂಭವಾಯಿತು. ಡೊಂಬಿವಲಿಯಲ್ಲಿ 1986ರಲ್ಲಿ ಪುಂಡಲೀಕ ಪೈ ಅವರು ಆರಂಭಿಸಿದ ಫ್ರೆಂಡ್ಸ್ ಲೈಬ್ರರಿ ಊರಿಗೇ ಓದಿನ ಚಟ ಹಿಡಿಸಿತು.

ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ ಇನ್ನೊಂದು ಕೆಲಸ ಮಾಡಿತು. ತನ್ನ ಕಪಾಟಿನಲ್ಲಿದ್ದ ಹಳೆಯ, ಅಪರೂಪದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ ಯಾರು ಬೇಕಾದರೂ ಓದುವಂತೆ ಅಂತರಜಾಲದಲ್ಲಿ ಇಟ್ಟಿತು. ಅದೇ ಠಾಣೆಯಿಂದ 2008ರಲ್ಲಿ ಶುರುವಾದ ಈ-ಸಾಹಿತ್ಯ ಪ್ರತಿಷ್ಠಾನ, ಲೇಖಕರ ಒಪ್ಪಿಗೆಯೊಂದಿಗೆ ಮರಾಠಿ ಪುಸ್ತಕಗಳನ್ನು ಉಚಿತ ಇ-ಪುಸ್ತಕಗಳಾಗಿ ಹಂಚತೊಡಗಿತು. ಈ ಎರಡು ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಇಲ್ಲಿಗೆ ಬರುತ್ತೇನೆ.

ಕನ್ನಡ ಕಂಪ್ಯೂಟರಿಗೆ ಬಂದ ದಾರಿ

ಗಣಕಯಂತ್ರದಲ್ಲಿ ಕನ್ನಡ ಓದುವುದೇ ಒಂದು ಕಾಲಕ್ಕೆ ಸಾಹಸವಾಗಿತ್ತು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಒಂದರಲ್ಲಿ ಬರೆದದ್ದು ಇನ್ನೊಂದು ಫಾಂಟಿನಲ್ಲಿ ತೆರೆದರೆ ಚಿಂದಿ ಚಿತ್ರಾನ್ನ. ಊರಿನಿಂದ ಬಂದ ಮಿಂಚಂಚೆ ತೆರೆದು ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನೇ ನೋಡಿ ಕುಳಿತದ್ದು ನಿಮಗೂ ನೆನಪಿರಬಹುದು. ಯುನಿಕೋಡ್ ಎಂಬ ಸಾಮಾನ್ಯ ಲಿಪಿ ಸಂಕೇತ ಬಳಕೆಗೆ ಬಂದ ಮೇಲೆಯೇ ಕನ್ನಡ ಎಲ್ಲ ಯಂತ್ರದಲ್ಲೂ ಕನ್ನಡವಾಗಿ ಕಾಣಿಸಿದ್ದು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು.

ಅದೇ 2003ರಲ್ಲಿ ದೊಡ್ಡ ಯೋಜನೆಯೊಂದಕ್ಕೆ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಚಾಲನೆ ಕೊಟ್ಟರು. ಹೆಸರು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರ 'ಹತ್ತು ಲಕ್ಷ ಪುಸ್ತಕ'ದ ಕನಸು ಅದರ ಹಿಂದಿತ್ತು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತಿತು. ದೇಶದ ಗ್ರಂಥಾಲಯಗಳಲ್ಲಿ ಧೂಳು ತಿನ್ನುತ್ತಿದ್ದ ಲಕ್ಷಾಂತರ ಪುಸ್ತಕಗಳು ಪುಟ ಪುಟವಾಗಿ ಚಿತ್ರಗಳಾದವು. ಅವುಗಳಲ್ಲಿ ಕನ್ನಡ ಪುಸ್ತಕಗಳೂ ಸಾವಿರಗಟ್ಟಲೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದಿಂದಲೂ ಹಳೆಯ ಕನ್ನಡ ಪುಸ್ತಕಗಳು ಹೀಗೆ ಹೊರಬಂದವು.

ಪುಸ್ತಕ ಸಿಕ್ಕಿತು, ಆದರೆ ಹುಡುಕಲಾಗಲಿಲ್ಲ! ಪಟ್ಟಿ ಮಾಡಿದವರು ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋಚಿದ ಹಾಗೆ ಬರೆದಿದ್ದರು. ಒಬ್ಬರ ಕಾಗುಣಿತ ಇನ್ನೊಬ್ಬರದಲ್ಲ. ಕನ್ನಡದಲ್ಲಿ ಹೆಸರು ಬರೆದು ಹುಡುಕಿದರೆ ಏನೂ ಬರುತ್ತಿರಲಿಲ್ಲ. ಹಕ್ಕುಸ್ವಾಮ್ಯದ ತಕರಾರುಗಳೂ ಎದ್ದು, 2017ರ ಹೊತ್ತಿಗೆ ಮೂಲ ಜಾಲತಾಣವೇ ನಿಂತುಹೋಯಿತು. ಅಷ್ಟರಲ್ಲಿ ಅದರ ಬಹುಪಾಲು ಪ್ರತಿಗಳು ಇಂಟರ್ನೆಟ್ ಆರ್ಕೈವ್ ಎಂಬ, 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ಲಾಭರಹಿತ ಸಂಸ್ಥೆಯ ಕಪಾಟು ಸೇರಿದ್ದರಿಂದ ನಾವು ಬಚಾವಾದೆವು.

ಇಲ್ಲಿ ಕೆಲವರ ಹೆಗಲು ನೆನೆಯಬೇಕು. ಬೆಂಗಳೂರಿನ ಓಂಶಿವಪ್ರಕಾಶ್ ಮತ್ತು ಗೆಳೆಯರು 'ಸಂಚಯ'ದ ಹೆಸರಿನಲ್ಲಿ ಆ ಪುಸ್ತಕಗಳ ಪಟ್ಟಿಗೆ ಕನ್ನಡದ ಹೆಸರು ಹಚ್ಚಿ, ಕನ್ನಡದಲ್ಲೇ ಹುಡುಕುವಂತೆ 'ಪುಸ್ತಕ ಸಂಚಯ' ಕಟ್ಟಿದರು. 2013ರಲ್ಲಿ ಅವರದೇ ತಂಡದ 'ವಚನ ಸಂಚಯ' ಬಂತು. ಇನ್ನೂರೈವತ್ತಕ್ಕೂ ಹೆಚ್ಚು ವಚನಕಾರರ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಅಲ್ಲಿವೆ. ಒಂದು ಪದ ಬರೆದರೆ ಅದು ಯಾರ ಯಾವ ವಚನದಲ್ಲಿದೆ ಎಂದು ತೋರಿಸುತ್ತದೆ. ಇಂಥ ಸ್ವಯಂಸೇವಕರು ಈಗ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಎಂಬ ಹೆಸರಿನಲ್ಲಿ ಹಳೆಯ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಆರ್ಕೈವ್‌ಗೆ ಸೇರಿಸುತ್ತಿದ್ದಾರೆ.

ಬೆಂಗಳೂರಿನ ವಿ. ಕೃಷ್ಣ ಅವರದು ಇನ್ನೂ ಸೋಜಿಗದ ಕತೆ. ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. 2019ರಲ್ಲಿ ಅದು 'ಅಲರ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ಕನ್ನಡ ಮಾತಾಡಲು ಬಂದರೂ ಓದಲು ತಡವರಿಸುವ ಮಕ್ಕಳಿದ್ದಾರಲ್ಲ ನಮ್ಮ ಮನೆಗಳಲ್ಲಿ, ಅವರಿಗೆ ಇದಕ್ಕಿಂತ ಒಳ್ಳೆಯ ಗೆಳೆಯ ಇಲ್ಲ.

ಅರವತ್ತು ವರ್ಷದ ಲೆಕ್ಕ

ಈಗ ಎಲ್ಲರೂ ಕೇಳುವ ಮಾತು: ಕೆಲವು ಪುಸ್ತಕ ಉಚಿತ, ಕೆಲವು ಏಕಿಲ್ಲ? ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಲೆಕ್ಕ ಸುಲಭ. ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ ಅರವತ್ತು ವರ್ಷ ಅವರ ಕೃತಿಯ ಹಕ್ಕು ವಾರಸುದಾರರದ್ದು. ಮೊದಲು ಇದು ಐವತ್ತು ವರ್ಷವಿತ್ತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುತ್ತ ಬಂದಾಗ, 1992ರ ತಿದ್ದುಪಡಿಯಿಂದ ಅದು ಅರವತ್ತಾಯಿತು. ಅರವತ್ತು ತುಂಬಿದ ಮೇಲೆ ಕೃತಿ ಊರ ಬಾವಿಯಿದ್ದಂತೆ, ಯಾರೂ ನೀರು ಸೇದಬಹುದು.

ಕೈಬೆರಳಲ್ಲಿ ಎಣಿಸಿ ನೋಡಿ. ಟಿ. ಪಿ. ಕೈಲಾಸಂ ನಮ್ಮ ಮುಂಬಯಿಯಲ್ಲೇ 1946ರಲ್ಲಿ ತೀರಿಕೊಂಡರು. ಅವರ ನಾಟಕಗಳು 2007ರಿಂದ ಎಲ್ಲರ ಸ್ವತ್ತು. ಪಂಜೆ ಮಂಗೇಶರಾಯರು 1937ರಲ್ಲಿ ಹೋದವರು, ಅವರದು ಅದಕ್ಕಿಂತ ಮೊದಲೇ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡದ್ದರಿಂದ 2024ರ ಜನವರಿ 1ರಿಂದ ಅವರ ಕೃತಿಗಳಿಗೆ ಹಕ್ಕಿನ ಬೇಲಿ ಇಲ್ಲ. ಕಾಸರಗೋಡು ಕಡೆಯಿಂದ ಬಂದ ನಮ್ಮ ಕೇಳುಗರಿಗೆ ಇದು ಮನೆಯ ಸುದ್ದಿಯೇ ಸರಿ. ಆಲೂರು ವೆಂಕಟರಾಯರದು 2025ರಿಂದ ಮುಕ್ತ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಹೆಸರಿದೆ: ತ್ರಿವೇಣಿ. 'ಬೆಳ್ಳಿಮೋಡ' ಸಿನಿಮಾ ನೋಡಿ ಅತ್ತವರಿಗೆ ಅವರು ನಿನ್ನೆ ಮೊನ್ನೆಯವರಂತೆ ತೋರುತ್ತಾರೆ. ಆದರೆ ಅವರು ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ಹೋಗಿಬಿಟ್ಟರು. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳೂ 2024ರಿಂದ ಮುಕ್ತವೇ. ಲೇಖಕರು ಹೋದ ಮೇಲೆ ಮೊದಲ ಸಲ ಅಚ್ಚಾದದ್ದಕ್ಕೆ ಮಾತ್ರ ಅಚ್ಚಾದ ವರ್ಷದಿಂದ ಲೆಕ್ಕ.

ಇನ್ನೊಂದು ಕಡೆ ನೋಡಿ. ಬೇಂದ್ರೆಯವರೂ ಮುಂಬಯಿಯಲ್ಲೇ ಕೊನೆಯುಸಿರೆಳೆದರು, 1981ರಲ್ಲಿ. ಅವರ ಕೃತಿ ಮುಕ್ತವಾಗುವುದು 2042ಕ್ಕೆ. ಕುವೆಂಪು 2055ಕ್ಕೆ, ಕಾರಂತರು 2058ಕ್ಕೆ. ಈ ಮಹಾನಗರವನ್ನೇ ಕಾದಂಬರಿಯಾಗಿಸಿದ ವ್ಯಾಸರಾಯ ಬಲ್ಲಾಳರು, ಯಶವಂತ ಚಿತ್ತಾಲರು ಇನ್ನೂ ದೂರ. ಇವರ ಪುಸ್ತಕ ವಾಟ್ಸಾಪ್ ಗುಂಪಿನಲ್ಲಿ ಪಿಡಿಎಫ್ ಆಗಿ ಬಂದರೆ ಅದು ಉಚಿತವಲ್ಲ, ಕದ್ದದ್ದು. ಕನ್ನಡದಲ್ಲಿ ಒಂದು ಪುಸ್ತಕ ಸಾವಿರ ಪ್ರತಿ ಅಚ್ಚಾದರೆ ಹೆಚ್ಚು. ಅದರಲ್ಲಿ ನೂರು ಮಂದಿ ಪಿಡಿಎಫ್ ಹಂಚಿಕೊಂಡರೆ ಪ್ರಕಾಶಕ ಮುಂದಿನ ಪುಸ್ತಕ ಮಾಡುವುದಿಲ್ಲ. ಹೊಟೇಲು ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಪ್ಲೇಟು ಇಡ್ಲಿಯಲ್ಲಿ ಒಂದು ಪ್ಲೇಟು ದುಡ್ಡಿಲ್ಲದೆ ಹೋದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ನಿಮಗೇ ಗೊತ್ತು.

ಕೆಲವು ಮನೆಯವರು ಅವಧಿ ಮುಗಿಯುವ ಮುನ್ನವೇ ಬಾಗಿಲು ತೆರೆದಿದ್ದಾರೆ. 1992ರಲ್ಲಿ ನಿಧನರಾದ ನಿರಂಜನರ ಕೃತಿಗಳನ್ನು ಅವರ ಕುಟುಂಬ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ತೆರೆದಿಟ್ಟಿತು.

ಎಲ್ಲಿ ಹುಡುಕಬೇಕು

ಮೊದಲು ಆರ್ಕೈವ್. ಪುಸ್ತಕದ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ. ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಬಗೆಯಲ್ಲಿ ಬರೆದು ನೋಡಿ, ದೀರ್ಘಕ್ಕೆ ಒಮ್ಮೆ ಒಂದು 'ಎ', ಒಮ್ಮೆ ಎರಡು. ಆಮೇಲೆ ಭಾಷೆ ಕನ್ನಡ ಎಂದು ಆರಿಸಿಕೊಳ್ಳಿ. ಅಲ್ಲಿ ಕಂಡದ್ದೆಲ್ಲ ಮುಕ್ತವೆಂದು ತಿಳಿಯಬೇಡಿ. ಅರವತ್ತು ವರ್ಷದ ಲೆಕ್ಕ ನಿಮ್ಮ ಕೈಯಲ್ಲೇ ಇದೆ.

ಅಕ್ಷರ ದೊಡ್ಡದು ಮಾಡಿಕೊಂಡು ಓದಬೇಕೆಂಬ ಹಿರಿಯರಿಗೆ ಕನ್ನಡ ವಿಕಿಸೋರ್ಸ್ ಅನುಕೂಲ. ಅಲ್ಲಿ ಪುಟದ ಚಿತ್ರದ ಪಕ್ಕದಲ್ಲೇ ಸ್ವಯಂಸೇವಕರು ಟೈಪಿಸಿ ತಿದ್ದಿದ ಪಠ್ಯ ಇರುತ್ತದೆ. ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ 2009ರಲ್ಲಿ ಆರಂಭವಾದ 'ಕಣಜ', ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ತೆರೆದ 'ಭಾರತವಾಣಿ', ಐಐಟಿ ಖರಗಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಕರ್ನಾಟಕ ಸರ್ಕಾರದ ಗ್ರಂಥಾಲಯ ಇಲಾಖೆ 2020ರಲ್ಲಿ ತಂದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ, ಇವು ಉಚಿತ ಓದಿಗೆಂದೇ ಆದವು.

ದುಡ್ಡು ಕೊಟ್ಟು ಓದುವವರಿಗೂ ದಾರಿಗಳಿವೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಎಂಬ ಐದು ಭಾಷೆಗಳಿದ್ದವು. ಕನ್ನಡ ಇರಲಿಲ್ಲ. ಪಕ್ಕದ ಫ್ಲ್ಯಾಟಿನ ಮರಾಠಿ ಕಾಕಾ ಕಿಂಡಲ್ ಹಿಡಿದು ಪು. ಲ. ದೇಶಪಾಂಡೆ ಓದುವಾಗ ನಾವು ಕೈಕಟ್ಟಿ ಕೂರಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ನವಿಮುಂಬಯಿಯ ಘನ್ಸೋಲಿಯಲ್ಲಿ ಕೇಂದ್ರವಿರುವ ಜಿಯೋ ಬಂದು ಇಂಟರ್ನೆಟ್ ಅಗ್ಗವಾಗಿತ್ತು. ರಸ್ತೆ ಸಿದ್ಧವಾಗಿತ್ತು, ಕನ್ನಡದ ಬಂಡಿ ಮಾತ್ರ ಬಂದಿರಲಿಲ್ಲ. ಅದನ್ನು ನಮ್ಮವರೇ ಕಟ್ಟಿದರು. 2020ರಲ್ಲಿ ಬಂದ 'ಮೈಲ್ಯಾಂಗ್'ನಲ್ಲಿ ಕನ್ನಡದ ಇ-ಪುಸ್ತಕವೂ ಸಿಗುತ್ತದೆ, ಕೇಳುವ ಪುಸ್ತಕವೂ ಸಿಗುತ್ತದೆ. 'ಋತುಮಾನ'ದ ಅಂಗಡಿಯಿದೆ, ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡವಿದೆ. ಇ-ಪುಸ್ತಕದ ಬೆಲೆ ಸಾಮಾನ್ಯವಾಗಿ ಅಚ್ಚಿನದಕ್ಕಿಂತ ಕಡಿಮೆ.

ಕಾಗದದ ವಾಸನೆಯೇ ಬೇಕೆನ್ನುವವರಿಗೆ ಅಂಚೆಯ ಸುದ್ದಿ ಒಂದಿದೆ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಗಿ ಸಣ್ಣ ಪ್ರಕಾಶಕರೆಲ್ಲ ಕಂಗಾಲಾಗಿದ್ದರು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂತು. ಆರಂಭದ ದರದಂತೆ 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಕಟ್ಟಡದ ನಾಲ್ಕು ಕನ್ನಡ ಮನೆಯವರು ಒಟ್ಟಾಗಿ ತರಿಸಿದರೆ ಒಬ್ಬೊಬ್ಬರಿಗೆ ಬೀಳುವ ಖರ್ಚು ಒಂದು ಕಟಿಂಗ್ ಚಹಾಕ್ಕಿಂತ ಹೆಚ್ಚೇನಿಲ್ಲ.

ಇನ್ನೊಂದು ವಿಷಯ. 1954ರ ಕಾನೂನಿನ ಪ್ರಕಾರ ದೇಶದ ಪ್ರತಿಯೊಬ್ಬ ಪ್ರಕಾಶಕನೂ ತಾನು ಅಚ್ಚು ಹಾಕಿದ ಪುಸ್ತಕದ ಪ್ರತಿಯನ್ನು ಕಳಿಸಬೇಕಾದ ಗ್ರಂಥಾಲಯಗಳಲ್ಲಿ ಮುಂಬಯಿಯ ಟೌನ್ ಹಾಲಿನ ಕೇಂದ್ರ ಗ್ರಂಥಾಲಯವೂ ಒಂದು. ಅಂದರೆ ಕನ್ನಡದ ಪುಸ್ತಕಕ್ಕೂ ಈ ನಗರದಲ್ಲಿ ಕಾನೂನಿನ ಮೂಲಕವೇ ಒಂದು ಮನೆಯಿದೆ.

ಇನ್ನು ನಮ್ಮ ಸರದಿ

ಕೆಲ ವರ್ಷಗಳ ಹಿಂದೆ ನಮ್ಮ ಉಪನಗರದ ಸಂಘವೊಂದು ಕಚೇರಿ ಬದಲಿಸಿತು. ಹೊಸ ಜಾಗ ಚಿಕ್ಕದು. ಎರಡು ಗೋದ್ರೇಜ್ ಕಪಾಟಿನ ಪುಸ್ತಕಗಳಿಗೆ ಎಡೆಯಿರಲಿಲ್ಲ. ನಾನು ಸುದ್ದಿ ತಿಳಿದು ಹೋಗುವಷ್ಟರಲ್ಲಿ ರದ್ದಿಯವನ ತಕ್ಕಡಿ ಏರಿ ಇಳಿದಾಗಿತ್ತು. ಉಳಿದದ್ದು ಬೈಂಡು ಕಿತ್ತ ಹತ್ತಾರು ಪುಸ್ತಕ. ಹೋದವುಗಳಲ್ಲಿ ಹಳೆಯ ಕಾದಂಬರಿಗಳಿದ್ದವು, ಅವುಗಳ ಬೇರೆ ಪ್ರತಿ ಎಲ್ಲಾದರೂ ಸಿಕ್ಕೀತು. ಆದರೆ ಸಂಘದ ಸ್ಮರಣ ಸಂಚಿಕೆಗಳೂ ಹೋದವು. ಮೊದಲ ನಾಟಕದ ಫೋಟೋ, ಮೊದಲ ಗಣೇಶೋತ್ಸವದ ಲೆಕ್ಕ, ಆ ಕಾಲದ ಹೊಟೇಲುಗಳ ಜಾಹೀರಾತು, ನಮ್ಮವರೇ ಬರೆದ ಕತೆ ಕವನ, ಇವು ಬೆಂಗಳೂರಿನಲ್ಲೂ ಇಲ್ಲ, ಧಾರವಾಡದಲ್ಲೂ ಇಲ್ಲ. ಇದ್ದದ್ದು ಆ ಕಪಾಟಿನಲ್ಲಿ ಮಾತ್ರ. ತಪ್ಪು ಯಾರದೆಂದು ಹೇಳಲಾರೆ. ಮೊದಲೇ ಹೋಗಿ ಕೇಳದ ನನ್ನದೂ ಇದೆ.

ಆದ್ದರಿಂದ ಒಂದು ವಿನಂತಿ. ನಿಮ್ಮ ಸಂಘದ, ನಿಮ್ಮ ಅಟ್ಟದ ಪುಸ್ತಕಗಳನ್ನು ಒಮ್ಮೆ ಕೆಳಗಿಳಿಸಿ. ಹೆಸರು, ಲೇಖಕ, ಪ್ರಕಾಶಕ, ವರ್ಷ ಎಂದು ಒಂದು ಪಟ್ಟಿ ಮಾಡಿ. ಪಟ್ಟಿ ಕನ್ನಡದಲ್ಲೇ ಇರಲಿ, ಇಂಗ್ಲಿಷ್ ಅಕ್ಷರದ ಪಾಡು ಏನಾಯಿತೆಂದು ನೋಡಿದಿರಲ್ಲ. ಅರವತ್ತು ವರ್ಷ ದಾಟಿದವನ್ನು ಬೇರೆ ಇಡಿ. ಸ್ಮರಣ ಸಂಚಿಕೆಗಳಿಗೆ ಸಂಘವೇ ಪ್ರಕಾಶಕ, ಬರೆದವರೋ ಅವರ ಮಕ್ಕಳೋ ಇಲ್ಲೇ ಹತ್ತಿರದಲ್ಲಿರುತ್ತಾರೆ. ಒಂದು ಮಾತು ಕೇಳಿ ಒಪ್ಪಿಗೆ ಪಡೆಯಿರಿ. ಮೊಬೈಲಿನಲ್ಲೇ ಪುಟಗಳನ್ನು ಸ್ಕ್ಯಾನ್ ಮಾಡುವುದನ್ನು ನಿಮ್ಮ ಕಾಲೇಜು ಓದುವ ಮಗಳು ಹತ್ತು ನಿಮಿಷದಲ್ಲಿ ಕಲಿಸಿಕೊಡುತ್ತಾಳೆ. ಆಗ ಅವಳೂ ಆ ಪುಟ ನೋಡುತ್ತಾಳೆ, "ಇದೇನು ಬರೆದಿದೆ ಅಪ್ಪಾ?" ಎಂದು ಕೇಳುತ್ತಾಳೆ.

ಠಾಣೆಯ ಗ್ರಂಥಾಲಯ ಮರಾಠಿಗೆ ಮಾಡಿದ್ದನ್ನು ನಾವು ನಮ್ಮ ಎರಡು ಕಪಾಟಿಗೆ ಮಾಡಲಾರೆವೇ? ಗಳಗನಾಥರು ಗಂಟು ಹೊತ್ತರು, ರಾತ್ರಿ ಶಾಲೆಯ ಮಾಸ್ತರರು ನಿದ್ದೆಗೆಟ್ಟರು, ವಿ. ಕೃಷ್ಣ ನಾಲ್ಕು ದಶಕ ಕೊಟ್ಟರು. ನಮಗೆ ಪುಕ್ಕಟೆ ಸಿಕ್ಕ ಪ್ರತಿ ಪುಸ್ತಕಕ್ಕೂ ಯಾರೋ ಒಬ್ಬರು ಬೆಲೆ ಕಟ್ಟಿದ್ದಾರೆ. ಒಂದು ಭಾನುವಾರ ಮಧ್ಯಾಹ್ನದ ನಿದ್ದೆಯನ್ನು ನಾವೂ ಆ ಲೆಕ್ಕಕ್ಕೆ ಬರೆಯೋಣ.

ಪಟ್ಟಿ ಮಾಡಿದವರು ನಮಗೊಂದು ಪತ್ರ ಬರೆಯಿರಿ. ನಿಮ್ಮ ಕಪಾಟಿನಲ್ಲಿ ಸಿಕ್ಕ ಅತಿ ಹಳೆಯ ಪುಸ್ತಕ ಯಾವುದೆಂದು ತಿಳಿಸಿ. ಕಾರ್ಯಕ್ರಮದಲ್ಲಿ ಅದರ ಹೆಸರು, ನಿಮ್ಮ ಊರಿನ ಹೆಸರು ಎರಡನ್ನೂ ಓದುತ್ತೇವೆ.

ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ಓದುತ್ತಿರಿ, ಕೇಳುತ್ತಿರಿ.